ಜಮಖಾನಿ ಮ್ಯಾಲಿನ ಬೀಗತಿ

ನಮ್ಮ ವೈನಿ ಅಕ್ಕವ್ವನ ಮ್ಯಾಲೆ ನನಗ ಭಾಳ ಪ್ರೀತಿ, ಅದಕ್ಕ ಸಿಟ್ಟೂ ಭಾಳ ಬರತೈತಿ. ಮೊದಲ ಇದನ್ನ ಹೇಳಿಬಿಟ್ರ ಛಲೋ. ನಾನು ಕಾಂತಾ, ಆಕಿ ಗಂಡ ಶಶಿಧರನ ತಂಗಿ. ನಾ ಇರೂದು ರಾಮತೀರ್ಥ ನಗರದಾಗ, ಅವರ ಮನಿ ಹಿಂದವಾಡಿಯಾಗ. ನಡುವ ಇಡೀ ಬೆಳಗಾವಿ ಐತಿ. ಆದ್ರೂ ವಾರಕ್ಕ ಎರಡು ಸಲ ಅಲ್ಲಿಗೆ ಹೋಗಿ, ಒಂದು ಜಗಳ ಮಾಡಿ, ಎರಡು ಕಪ್ ಚಾ ಕುಡದು ಬರಲಿಲ್ಲಂದ್ರ ನನಗ ಊಟ ಸೇರೂದಿಲ್ಲ.

ವೈನಿ ಮೂವತ್ತೊಂದು ವರ್ಷ ಅಂಗನವಾಡಿ ಟೀಚರ್ ಆಗಿದ್ಲು. ಸರ್ಕಾರದಾವ್ರು ಒಂದು ಖುರ್ಚಿ ಕೊಟ್ಟಿದ್ರು. ಅದರ ಮ್ಯಾಲೆ ರಜಿಸ್ಟರ್ ಕುಂದರತಿತ್ತು, ಈಕಿ ಮಕ್ಕಳ ಜೋಡಿ ನೆಲದ ಮ್ಯಾಲೆ ಕುಂದರತಿದ್ಲು. ಹಾಡು, ಆಟ, ಊಟ ಎಲ್ಲಾ ನೆಲದ ಮ್ಯಾಲೆ. ಓಣಿಯೊಳಗ ಯಾವ ಕೂಸಿನ ತೂಕ ಕಾಲು ಕಿಲೋ ಇಳದ್ರೂ ಆ ತಾಯಿ ಮನಿ ಬಾಗಲದಾಗ ಹೋಗಿ ನಿಂತು, ದವಾಖಾನಿಗೆ ಯಾಕ ಹೋಗಿಲ್ಲ, ಗುಳಿಗಿ ಯಾಕ ನುಂಗಿಲ್ಲ ಅಂತ ಬಿಡಿಸಿ ಬಿಡಿಸಿ ಕೇಳಾಕಿ. ಆಕಿ ಮಾತು ಮೀರಿದ ಹೆಣ್ಮಗಳನ್ನ ನಾ ಆ ಓಣಿಯಾಗ ನೋಡಿಲ್ಲ. ಮಂದಿಗೆ ಇಷ್ಟು ಹೇಳಾಕಿ ತನ್ನ ಮೊಣಕಾಲಿನ ಸುದ್ದಿ ಬಂದ್ರ ಮಾತ್ರ ಬಾಯಿ ಬಿಡತಿರಲಿಲ್ಲ.

ನೋವು ಸುರು ಆಗಿ ಐದಾರು ವರ್ಷ ಆಗಿತ್ತು. ಬೆಳಿಗ್ಗೆ ಎದ್ದ ಕೂಡ್ಲೆ ಹತ್ತು ಹದಿನೈದು ನಿಮಿಷ ಕಾಲು ಮಡಚಾಕ ಬರತಿರಲಿಲ್ಲ. ಮೆಟ್ಟಲ ಇಳಿಯಾಗ ಕಟ್ ಕಟ್ ಅಂತ ಸಪ್ಪಳ. ನೆಲದಿಂದ ಏಳಬೇಕಂದ್ರ ಗ್ವಾಡಿ ಹಿಡೀಬೇಕು. ಏನಾತು ವೈನಿ ಅಂತ ಕೇಳಿದ್ರ, ಏನಿಲ್ಲ, ಕಾಲು ಜೋಮು ಹಿಡದೈತಿ ಅನ್ನಾಕಿ. ದಿನಾ ಜೋಮು ಹಿಡಿಯೂ ಕಾಲು ನಾ ಎಲ್ಲೂ ಕಂಡಿಲ್ಲ. ಕಡೀಕ ಒಂದು ದಿನ ರಿಕ್ಷಾ ತರಿಸಿ, ಕೈ ಹಿಡದು ಜಗ್ಗಿಕೊಂಡು ದವಾಖಾನಿಗೆ ಒಯ್ದೆ.

ಆ ಡಾಕ್ಟರ್ ಬಾಯಾರು ಶಾಂತ ಸ್ವಭಾವದಾವ್ರು. ಮೊಣಕಾಲಿನ ಎಕ್ಸ್‌ರೇ ಫೋಟೋ ತಗಸಿ, ಬೆಳಕಿಗೆ ಹಿಡದು ತೋರಿಸಿದ್ರು. ಎಲುಬಿನ ತುದಿಗೆ ಒಂದು ನುಣ್ಣನ್ನ ಮೆತ್ತನ ಪದರ ಇರತೈತಿ, ಅದು ನಿಮ್ಮ ಎರಡೂ ಮೊಣಕಾಲಾಗ ಸವದೈತಿ, ಇದಕ್ಕ ಆಸ್ಟಿಯೋ ಆರ್ಥ್ರೈಟಿಸ್ ಅಂತಾರ ಅಂದ್ರು. ಸವದಿದ್ದು ತಿರುಗಿ ಮೊದಲಿನಂಗ ಆಗೂದಿಲ್ಲ, ಆದ್ರ ಘಾಬರಿ ಆಗೂ ಕಾರಣಿಲ್ಲ, ಆಪರೇಷನ್ ಮಾತು ಈಗ ಬ್ಯಾಡ. ತೊಡಿ ಗಟ್ಟಿ ಆದ್ರ ಮೊಣಕಾಲಿನ ಭಾರ ತೊಡಿ ಹೊರತೈತಿ. ದಿನಾ ನಡೀರಿ, ಈ ಕಾಗದದಾಗ ಚಿತ್ರ ಅದಾವು, ಹಂಗ ವ್ಯಾಯಾಮ ಮಾಡ್ರಿ. ಭಾಳ ಹೊತ್ತು ನೆಲದ ಮ್ಯಾಲೆ ಚಕ್ಕಳ ಮಕ್ಕಳ ಹಾಕಬ್ಯಾಡ್ರಿ. ಮೈಯಾಗಿನ ಒಂದು ಕಿಲೋ ಇಳದ್ರ ಮೊಣಕಾಲಿಗೆ ನಾಕು ಕಿಲೋ ಇಳದಂಗ. ಇಷ್ಟು ಹೇಳಿ, ತೂಕದ ಮಶೀನ್ ಮ್ಯಾಲೆ ನಿಂದರ್ರಿ ಅಂದ್ರು. ಮೂವತ್ತೊಂದು ವರ್ಷ ತಿಂಗಳಾ ತಿಂಗಳಾ ಊರಮಂದಿ ಮಕ್ಕಳನ್ನ ತೂಗಿದಾಕಿ, ಮುಂದಿನ ಸಲ ನೋಡೂಣು ಬಿಡ್ರಿ ಅಂದು ಚಪ್ಪಲಿ ಮೆಟ್ಟಿದ್ಲು.

ಮನಿಗೆ ಬಂದು ಆ ಕಾಗದ ಟ್ರಂಕಿನ್ಯಾಗ ಸೀರಿ ಬುಡಕ ಇಟ್ಲು. ಹರಳೆಣ್ಣಿ ಹಚ್ಚಿ, ಎಕ್ಕಿ ಎಲಿ ಬಿಸಿ ಮಾಡಿ ಕಟ್ಟಿಕೊಂಡು ಕುಂತ್ಲು. ನಡಿಯೂದಂತೂ ಪೂರ್ತಿ ಬಿಟ್ಲು. ಕಾಯಿಪಲ್ಯಾ ತರಾಕ ನಮ್ಮ ಅಣ್ಣ, ಹಿಟ್ಟು ಬೀಸಿಸಾಕ ನಮ್ಮ ಅಣ್ಣ. ಯಾಕ ಅಂತ ಕೇಳಿದ್ರ ಆಕಿ ಲೆಕ್ಕ ಬ್ಯಾರೆ ಇತ್ತು. ಸವದ ಚಪ್ಪಲಿ ಮೆಟ್ಟಿಕೊಂಡು ತಿರುಗಿದ್ರ ಇನ್ನೂ ಸವೀತೈತಿಲ್ಲೋ, ಎತ್ತಿಟ್ರ ನಾಕು ದಿನ ಹೆಚ್ಚಿಗಿ ಬರತೈತಿ ಅಂತ. ಮೊಣಕಾಲು ಚಪ್ಪಲಿ ಅಲ್ಲ ವೈನಿ, ಆಡಿಸಿದಷ್ಟು ಅದಕ್ಕ ಜೀವ ಬರತೈತಿ ಅಂತ ಡಾಕ್ಟರು ಹೇಳಿದ್ದು ಕೇಳಲಿಲ್ಲೇನು ಅಂತ ನಾ ಬೈದೆ. ಕೇಳಿಸಿಕೊಂಡ್ಲು, ಎಲಿ ಬದಲಿ ಮಾಡಿ ಕಟ್ಟಿಕೊಂಡ್ಲು. ಒಂದು ವರ್ಷದಾಗ ತೊಡಿ ಸಣ್ಣಾದ್ವು, ಹೊಟ್ಟಿ ದೊಡ್ಡದಾತು, ನೋವು ಎರಡರಷ್ಟಾತು.

ಆಕಿ ಇದನ್ನ ಮುಚ್ಚಿಡೂದಕ್ಕ ಒಂದು ಕಾರಣ ಇತ್ತು, ಅದನ್ನೂ ಹೇಳಬೇಕು. ಸುಮಿತ ಆಕಿ ಒಬ್ಬನೇ ಮಗ, ಮಚ್ಛೆದಾಗಿನ ಒಂದು ಸಣ್ಣ ಕಾರಖಾನಿಯಾಗ ಮಾಲು ತಪಾಸಣಿ ಮಾಡೂ ಕೆಲಸ. ಅವಂಗ ಒಂದು ಸಂಬಂಧ ಬಂದು, ಎಲ್ಲಾ ಪಸಂದ ಆಗಿ, ಕಡೀಕ ಮುರದು ಬಿತ್ತು. ಅತ್ತಿ ಮೊಣಕಾಲು ಹೋಗ್ಯಾವಂತ, ನಮ್ಮ ಹುಡುಗಿ ಹೋಗಿ ಜನ್ಮಪೂರ್ತಿ ಕಾಲು ಒತ್ತಬೇಕೇನು ಅಂತ ಅವರು ಅಂದದ್ದು ತಿರುಗಾಡಿ ವೈನಿ ಕಿವಿಗೆ ಬಂತು. ಅವತ್ತ ಆಕಿ ಉಣ್ಣಲಿಲ್ಲ. ಮಗನ ಲಗ್ನ ತನ್ನ ಕಾಲಿನಿಂದ ತಪ್ಪಿತು ಅನ್ನೂದು ಆಕಿ ತಲ್ಯಾಗ ಕುಂತುಬಿಟ್ಟಿತು.

ಮುಂದ ಖಾನಾಪುರದ ಸಾಕ್ಷಿದು ಸಂಬಂಧ ಬಂತು. ಹುಡುಗಿ ಹೈಸ್ಕೂಲ್ ಟೀಚರ್, ಅಪ್ಪ ಗುರುಪುತ್ರಪ್ಪ ಅಲ್ಲೇ ಹೊಲ ಮಾಡಿಕೊಂಡಿದ್ರು. ಹುಡುಗ ಹುಡುಗಿ ನೋಡಿದ್ದಾತು, ಇಬ್ಬರಿಗೂ ಮನಸ್ಸಾತು. ಸುಮಿತ ಅಂತೂ ಫೋನ್ ಬಂದ್ರ ಸಾಕು ಮಾಳಗಿ ಹತ್ತಿ ಹೋಗಾಂವ. ಮಾತು ಮುಗಿಸಿ ಸಕ್ಕರಿ ಹಂಚೂ ದಿನ ಗೊತ್ತಾತು. ಹೊರಡೂ ಮುಂದ ವೈನಿ ನನ್ನ ಕೈ ತನ್ನ ತಲಿ ಮ್ಯಾಲೆ ಇಟ್ಟುಕೊಂಡು ಆಣಿ ಹಾಕಿಸಿದ್ಲು, ಅಲ್ಲಿ ಮೊಣಕಾಲಿನ ಸುದ್ದಿ ತಗಿಯೂದಿಲ್ಲ ಅಂತ. ನಾನೂ ಶಾಣ್ಯಾಕಿ, ಹೂಂ ಅಂದೆ.

ಒಂದು ಕ್ರೂಸರ್ ಗಾಡಿ ಮಾಡಿ, ಎರಡು ಡಬ್ಬಿ ಕುಂದಾ ತಗೊಂಡು, ಮಚ್ಛೆ ದಾಟಿ ಖಾನಾಪುರ ಮುಟ್ಟಿದ್ವಿ. ಗಾಡಿ ಇಳಿಯಾಗನ ವೈನಿಗೆ ಕಾಲು ಬರಲಿಲ್ಲ. ಸೀರಿ ಸಿಕ್ಕೈತಿ ಅಂತ ನೆವ ಹೇಳಿ ಐದು ನಿಮಿಷ ಬಾಗಲದಾಗ ನಿಂತ್ಲು. ಒಳಗ ಪಡಸಾಲಿ ತುಂಬ ಹೊಸಾ ಜಮಖಾನಿ ಹಾಸಿದ್ರು. ಗಂಡಸರಿಗೆ ಖುರ್ಚಿ, ಹೆಣ್ಮಕ್ಕಳಿಗೆ ಜಮಖಾನಿ. ನಾ ಕಣ್ಣಾಗ ಸನ್ನಿ ಮಾಡಿದೆ, ಖುರ್ಚಿ ಕೇಳು ಅಂತ. ಆಕಿ ನನ್ನ ಕಡೆ ನೋಡದಂಗ ಮಾಡಿ, ಹಲ್ಲು ಕಚ್ಚಿ, ಗ್ವಾಡಿಗೆ ಕೈ ಊರಿ ಕುಂತ್ಲು.

ಶಿರಾ ಉಪ್ಪಿಟ್ಟು ಬಂತು, ಚಾ ಬಂತು, ಊರ ಹಿರ್ಯಾರ ಮಾತು ಬಂತು. ಹುಡುಗಿ ಆಯಿ ಎಲ್ಲಿ, ಗುರುಪುತ್ರಪ್ಪನವರ ತಾಯಿ ಅದಾರಂತಲ್ಲ ಅಂತ ನಾ ಕೇಳಿದೆ. ಅವರ ಮನಿ ಹೆಣ್ಮಕ್ಕಳು ಒಬ್ಬರ ಮಾರಿ ಒಬ್ಬರು ನೋಡಿ, ಆಯಿಗೆ ಜರಾ ಹುಷಾರಿಲ್ರಿ, ಒಳಗ ಮಲಗ್ಯಾರ ಅಂದ್ರು. ಹಂಗ ಒಂದೂವರಿ ತಾಸು ಆತು. ಆಮ್ಯಾಲೆ ಹುಡುಗಿ ತಾಯಿ ಬಂದು ವೈನಿಗೆ ಉಡಿ ತುಂಬಿದ್ರು. ಅಕ್ಕಿ, ಕಾಯಿ, ಕುಬಸ, ಒಂದು ಹಸಿರು ಸೀರಿ. ಇನ್ನ ವೈನಿ ಎದ್ದು, ದೇವರ ಕೋಣಿಗೆ ಹೋಗಿ ನಮಸ್ಕಾರ ಮಾಡಿ, ಹುಡುಗಿ ಬಾಯಿಗೆ ಸಕ್ಕರಿ ಹಾಕಬೇಕು. ಹಾಕಿದ್ರ ಮಾತು ಗಟ್ಟಿ. ಎಲ್ಲಾರೂ ಎದ್ದು ನಿಂತ್ರು.

ವೈನಿ ಏಳಲಿಲ್ಲ.

ಮೊದಲ ಯಾರಿಗೂ ಏನೂ ಅನಸಲಿಲ್ಲ. ಏಳ್ರಿ ಬೀಗತ್ಯಾರ ಅಂದ್ರು. ಈಕಿ ನಕ್ಕೋತ, ಅವಸರ ಏನೈತಿ, ಇನ್ನೊಂದು ಸ್ವಲ್ಪ ಕುಂದರೂಣು ಅಂದ್ಲು. ನಮ್ಮ ಕಡೆ ಉಡಿ ತುಂಬಿದ ಮ್ಯಾಲೆ ಬೀಗತಿ ಜಮಖಾನಿ ಬಿಟ್ಟು ಏಳಲಿಲ್ಲ ಅಂದ್ರ ಅದರ ಅರ್ಥ ಸಣ್ಣ ಹುಡುಗರಿಗೂ ಗೊತ್ತೈತಿ: ಕೊಟ್ಟಿದ್ದು ಸಾಕಾಗಿಲ್ಲ, ಸಿಟ್ಟು ಮಾಡ್ಯಾರ. ಹೆಣ್ಣಿನ ಕಡೆ ಒಂದು ಸಲ ಗುಜುಗುಜು ಆತು. ಒಳಗ ಹೋಗಿ ಇನ್ನೊಂದು ಸೀರಿ ತಂದ್ರು, ಜರಿ ಅಂಚಿಂದು. ಉಡಿಯಾಗ ಇಟ್ರು. ವೈನಿ ಬ್ಯಾಡ್ರಿ ಬ್ಯಾಡ್ರಿ ಅಂದ್ಲು, ಆದ್ರ ಏಳಲಿಲ್ಲ. ಅವರು ಮೂರನೇ ಸೀರಿ ತಂದ್ರು. ಅದರ ಮ್ಯಾಲೆ ಒಂದು ಬೆಳ್ಳಿ ಕುಂಕುಮ ಭರಣಿ. ಉಡಿ ಭಾರ ಆಗಿ, ಮೊದಲ ಏಳಾಕ ಬರದಾಕಿ ಈಗಂತೂ ಅಲ್ಲಾಡಾಕೂ ಬರದಂಗ ಆದ್ಲು.

ನನ್ನನ್ನ ಬಾಜೂಕ ಕರದು ಹುಡುಗಿ ಸ್ವಾದರಮಾವ ಕೇಳಿದ್ರು, ಏನು ಕಡಿಮಿ ಆಗೈತಿ ಹೇಳಿಬಿಡ್ರಿ ಅಂತ. ನಾ ಏನು ಹೇಳ್ಲಿ? ಮೊಣಕಾಲು ಅಂದ್ರ ಮುರದ ಸಂಬಂಧದ ನೆಪ್ಪು, ಮ್ಯಾಲೆ ಆಣಿ ಬ್ಯಾರೆ. ಸುಮ್ನಿದ್ರ ದುರಾಸಿ ಮಂದಿ ಅಂತ ಹೆಸರು. ಎರಡರಾಗ ಯಾವುದಾದ್ರೂ ಹುಡುಗಿ ಕೈ ತಪ್ಪತಿತ್ತು. ಅಷ್ಟೊತ್ತಿಗೆ ಸಾಕ್ಷಿ ಒಳಗಿನ ಬಾಗಲದಾಗ ಬಂದು ನಿಂತಿದ್ಲು, ಮಾರಿ ಸಣ್ಣದಾಗಿತ್ತು. ಸುಮಿತ ನೆಲ ನೋಡಾಕತ್ತಿದ್ದ. ನಮ್ಮ ಅಣ್ಣ, ಎಂದೂ ದನಿ ಎತ್ತದಾಂವ, ಏಳ ಅಕ್ಕವ್ವಾ ಅಂತ ಒದರಿದ. ವೈನಿ ಹಣಿ ಮ್ಯಾಲೆ ಬೆವರು ಇಳಿಯಾಕತ್ತಿತ್ತು.

ಆವಾಗ ಗುರುಪುತ್ರಪ್ಪ ಮುಂದ ಬಂದ್ರು. ತಲಿ ಮ್ಯಾಲಿನ ಟೊಪಗಿ ತಗದ್ರು. ಎರಡೂ ಕೈ ಜೋಡಿಸಿ ವೈನಿ ಮುಂದ ಬಗ್ಗಿ, ನಮ್ಮಿಂದ ಏನರ ತಪ್ಪಾಗಿದ್ರ ಹೊಟ್ಯಾಗ ಹಾಕ್ಕೋರಿ ಅಕ್ಕಾರ ಅಂದ್ರು. ಅರವತ್ತು ದಾಟಿದ ಮನಿಶಾ, ಮಗಳ ಸಲುವಾಗಿ ಅಷ್ಟು ಮಂದಿ ಮುಂದ ತಲಿ ತಗ್ಗಿಸಿದ್ರು. ವೈನಿ ಅದನ್ನ ತಾಳಲಿಲ್ಲ. ಗಳಗಳ ಅಳು ಬಂದುಬಿಟ್ಟಿತು ಆಕಿಗೆ.

"ಅಣ್ಣಾರ, ಕೈ ಮುಗೀಬ್ಯಾಡ್ರಿ. ಉಡಿ ಕಡಿಮಿ ಆಗಿಲ್ಲ. ನನ್ನ ಮೊಣಕಾಲು ಸವದಾವ್ರಿ. ನನಗ ಏಳಾಕ ಬರವಲ್ದು."

ನಾ ಕಣ್ಣು ಮುಚ್ಚಿದೆ, ಮುಗೀತು ಅಂದುಕೊಂಡೆ. ಅಷ್ಟರಾಗ ಒಳಗಿನ ಕೋಣಿಯಿಂದ ಒಂದು ಮುದುಕಿ ನಗು ಕೇಳಿಸಿತು. ಸಣ್ಣ ನಗು ಅಲ್ಲ, ಹೊಟ್ಟಿ ಹಿಡಕೊಂಡು ನಗೂ ನಗು.

"ಏ ಗುರುಪುತ್ರಾ, ನನ್ನ ಕೋಲು ಕೊಡು. ಬೀಗತಿ ತನ್ನ ಮೊಣಕಾಲು ಪಡಸಾಲಿಯಾಗ ಇಟ್ಟಾಳ, ನನ್ನ ಮೊಣಕಾಲು ಯಾಕ ಕೋಣ್ಯಾಗ ಮುಚ್ಚಿಟ್ಟೀರಿ?"

ಬಾಳವ್ವ, ಹುಡುಗಿ ಆಯಿ, ಕೋಲು ಊರಿಕೋತ ಹೊರಗ ಬಂದ್ರು. ಎರಡೂ ಕಾಲು ಬಿಲ್ಲಿನಂಗ ಬಾಗಿದ್ವು. ಆಕಿಗೆ ಯಾವ ಜಡ್ಡೂ ಇರಲಿಲ್ಲ. ಗಂಡಿನ ಕಡೆಯಾವ್ರು ಈ ಕಾಲು ನೋಡಿದ್ರ, ಇದು ವಂಶದಾಗ ಬರೂದು, ನಾಳೆ ಹುಡುಗೀದೂ ಹಿಂಗ ಆಗತೈತಿ ಅಂತ ಹಿಂದ ಸರೀತಾರ ಅಂತ ಹೆದರಿ, ಬೆಳಿಗ್ಗಿಂದ ಆ ಮುದುಕಿನ್ನ ಒಳಗ ಹಾಕಿ ಬಾಗಲಾ ಮುಂದ ಮಾಡಿದ್ರು. ನಾವು ನಮ್ಮದು ಮುಚ್ಚಿದ್ವಿ, ಅವರು ಅವರದು ಮುಚ್ಚಿದ್ರು. ಇದು ತಿಳದ ಕೂಡ್ಲೆ ಮೊದಲ ನಕ್ಕಾಕಿ ನಾನು. ಆಮ್ಯಾಲೆ ಗುರುಪುತ್ರಪ್ಪ ನಕ್ಕರು, ನಮ್ಮ ಅಣ್ಣ ನಕ್ಕ. ವೈನಿ ಅಳಕೋತನ ನಕ್ಕಳು. ಮೂರು ಸೀರಿ ಹಿಡಕೊಂಡು ಕುಂತ ಆಕಿ ಅವತಾರ ನೋಡಿ ಸಾಕ್ಷಿ ಅಂತೂ ಬಾಗಲಕ್ಕ ಆತುಕೊಂಡು ನಗಾಕತ್ತಿದ್ಲು.

ಸುಮಿತ, ಅಣ್ಣ ಇಬ್ಬರೂ ಓಡಿ ಬಂದು ವೈನಿ ರಟ್ಟಿ ಹಿಡದು ಎತ್ತಾಕ ಹ್ವಾದ್ರು. ಬಾಳವ್ವ ಕೋಲು ಅಡ್ಡ ಹಿಡದ್ರು. ಜಗ್ಗಬ್ಯಾಡ್ರಿ, ಏನು ಕೆಸರಾಗ ಬಿದ್ದ ಎಮ್ಮಿ ಅಂತ ತಿಳದೀರೇನು ಅಂತ ಬೈದ್ರು. ಉಡಿ ಖಾಲಿ ಮಾಡಿಸಿ, ಒಂದು ಗಟ್ಟಿ ಖುರ್ಚಿ ಮುಂದ ಇಡಸಿದ್ರು. ಮೊದಲ ಕಾಲು ಚಾಚಿ, ನಾಕು ಸಲ ಸಾವಕಾಶ ಮಡಚಿ ಬಿಡು ಅಂದ್ರು. ಆಮ್ಯಾಲೆ ಒಂದು ಮಗ್ಗಲಿಗೆ ತಿರುಗು, ತಲದಿಂಬು ಹಾಕೇವಿ, ಅದರ ಮ್ಯಾಲೆ ಮೊಣಕಾಲು ಊರು, ಎರಡೂ ಕೈ ಖುರ್ಚಿ ಮ್ಯಾಲೆ ಇಡು. ನೋವು ಕಡಿಮಿ ಇರೂ ಕಾಲು ಮುಂದ ಇಟ್ಟು ಕೈಲೆ ಒತ್ತಿ ಏಳು. ವೈನಿ ಎದ್ಲು. ಕಟ್ ಕಟ್ ಸಪ್ಪಳ ಪಡಸಾಲಿ ತುಂಬ ಕೇಳಿಸಿತು, ಮತ್ತ ಎಲ್ಲಾರೂ ನಕ್ಕರು.

ಆದ್ರ ಸಕ್ಕರಿ ಕೈಯಾಗ ಹಿಡದು ಹುಡುಗಿ ಮುಂದ ನಿಂತಾಗ ವೈನಿ ನಗಲಿಲ್ಲ. ಬಾಯಿಗೆ ಹಾಕೂ ಮೊದಲ ಕೇಳಿದ್ಲು, ನನ್ನ ಕಾಲು ನೋಡಿದಿಯಲ್ಲಾ, ನಿನಗ ಮನಸ್ಸಿಲ್ಲದಿದ್ರ ಈಗ ಹೇಳವ್ವಾ, ಯಾರೂ ಸಿಟ್ಟಾಗೂದಿಲ್ಲ ಅಂತ. ಸಾಕ್ಷಿ ಬಾಯಿ ತಗದು ಸಕ್ಕರಿ ಹಾಕಿಸಿಕೊಂಡ್ಲು, ನುಂಗಿ ಆದಮ್ಯಾಲೆ ಹೇಳಿದ್ಲು, "ಅತ್ತಿ, ದಿನಾ ಮುಂಜಾನಿ ನಮ್ಮ ಆಯಿ ವ್ಯಾಯಾಮಕ್ಕ ಕಾಲೆತ್ತಾಗ ನಾ ಎಣಸ್ತೀನಿ. ನಿಮ್ಮದೂ ಎಣಸ್ತೀನಿ, ಅಷ್ಟ."

ಲಗ್ನಕ್ಕ ನಾಕು ತಿಂಗಳಿತ್ತು. ಬಾಳವ್ವ ನಮ್ಮ ವೈನಿ ಬೆನ್ನು ಹತ್ತಿದ್ರು. ಮುಂಜಾನಿ ಆರೂವರಿಗೆ ಖಾನಾಪುರದಿಂದ ಫೋನ್ ಬರತಿತ್ತು. ಮುದುಕಿ ತಾಲೂಕು ದವಾಖಾನ್ಯಾಗ ಕಲತದ್ದನ್ನ ಎಂಟು ವರ್ಷದಿಂದ ಬಿಟ್ಟಿರಲಿಲ್ಲ, ದಿನಾ ಕೋಲು ಹಿಡದು ಮಲಪ್ರಭಾ ಹೊಳಿ ತನಕ ನಡದು ಬರಾಕಿ. ಖುರ್ಚಿ ಮ್ಯಾಲೆ ಕುಂದರು, ಒಂದು ಕಾಲು ಸೆಟದು ಎತ್ತು, ಐದು ಎಣಸೂ ತನಕ ಹಿಡಿ, ಇಳಸು. ಒಂದೊಂದು ಕಾಲಿಗೆ ಹತ್ತು. ಆಮ್ಯಾಲೆ ಎದಿ ಮ್ಯಾಲೆ ಕೈ ಕಟ್ಟಿ ಖುರ್ಚಿಯಿಂದ ಏಳು, ಕುಂದರು. ಈ ಕೈ ಕಟ್ಟಿ ಏಳೂದು ಮೊದಮೊದಲ ವೈನಿಗೆ ಬರಲೇ ಇಲ್ಲ. ಖುರ್ಚಿ ಮ್ಯಾಲೆ ಎರಡು ತಲದಿಂಬು ಹಾಕಿ, ಎತ್ತರ ಮಾಡಿ ಸುರು ಮಾಡಿದ್ಲು. ಡಾಕ್ಟರ್ ಬಾಯಾರಿಗೆ ಫೋನ್ ಮಾಡಿ ಕೇಳಿದ್ವಿ, ಅವರು ಹೂಂ ಅಂದ್ರು, ನಾ ಕೊಟ್ಟ ಕಾಗದಾನೂ ಇದನ್ನ ಹೇಳತೈತಿ ಅಂತ ನಕ್ಕರು.

ತೂಕದ ಮಶೀನೂ ಮನಿಗೆ ಬಂತು. ಮಕ್ಕಳಿಗೆ ಬರೀತಿದ್ಲಲ್ಲ, ಅಂಥಾದ್ದ ಒಂದು ತೂಕದ ತಖ್ತೆ ಬರದು ಅಡಗಿಮನಿ ಗ್ವಾಡಿಗೆ ಹಚ್ಚಿದ್ಲು, ಮ್ಯಾಲೆ ತನ್ನ ಹೆಸರು. ಓಣಿ ಹೆಣ್ಮಕ್ಕಳು ಬಂದು ಬಂದು ನೋಡಿ ಹ್ವಾದ್ರು. ಹಿಂದ ಆಕಿ ಕಡೆ ಬೈಸಿಕೊಂಡ ತಾಯಂದ್ರು ಈಗ ಆಕಿನ್ನ ಬೈದ್ರು, ಟೀಚರ್, ಕಾಲು ಕಿಲೋ ಏರಿದೀರಿ ಅಂತ.

ಪೂಜಿ ಮಾತ್ರ ಆಕಿಗೆ ದೊಡ್ಡ ಚಿಂತಿ ಆಗಿತ್ತು. ಲಿಂಗಪೂಜಿ ನೆಲದ ಮ್ಯಾಲೆ ಆಸನ ಹಾಕಿ ಮಾಡಬೇಕು, ಖುರ್ಚಿ ಮ್ಯಾಲೆ ಹೆಂಗ ಅಂತ. ನಮ್ಮ ಮನಿ ಅಯ್ಯನವರು ಈರಯ್ಯನವರನ್ನ ಕೇಳಿದ್ಲು. ಲಿಂಗ ಇರೂದು ನಿನ್ನ ಅಂಗೈಯಾಗವ್ವಾ, ನೆಲದ ಮ್ಯಾಲಲ್ಲ, ಎಲ್ಲಿ ಕುಂತ್ರ ಮನಸ್ಸು ನಿಲ್ಲತೈತೋ ಅಲ್ಲಿ ಕುಂದರು ಅಂದ್ರು. ಮರುದಿನ ಪೂಜಿ ಮುಗಿಸಿ ನನಗ ಫೋನ್ ಮಾಡಿ, ಎಷ್ಟು ವರ್ಷದ ಮ್ಯಾಲೆ ನೋವಿಲ್ಲದ ಪೂಜಿ ಆತು ಕಾಂತಾ ಅಂತ ಹೇಳಿದ್ಲು.

ಎಲ್ಲಾ ಸಲೀಸು ನಡೀತು ಅಂತ ತಿಳೀಬ್ಯಾಡ್ರಿ. ಎರಡನೇ ತಿಂಗಳಾಗ ಹುರುಪಿಗೆ ಬಿದ್ದು ಒಂದ ದಿನ ಮಾರ್ಕೆಟ್ ತನಕ ನಡದು ಬಂದ್ಲು, ಬಲಗಾಲು ಬಾತಿತು. ನೋಡು, ನಾ ಹೇಳಿದ್ದ ಖರೇ, ನಡದ್ರ ಸವೀತೈತಿ ಅಂತ ಮತ್ತ ಹಾಸಿಗಿ ಹಿಡದ್ಲು. ಐಸ್ ಇಟ್ಟು, ಎರಡು ದಿನ ನಡಿಯೂದು ಕಡಿಮಿ ಮಾಡ್ರಿ, ಆದ್ರ ನಿಲ್ಲಸಬ್ಯಾಡ್ರಿ ಅಂದ್ರು ಡಾಕ್ಟರು. ನಾ ಬೈದೆ, ಬಾಳವ್ವ ಬೈದ್ರು, ಸಾಕ್ಷಿ ಬೈಲಿಲ್ಲ, ಫೋನಿನ್ಯಾಗ ಒಂದು, ಎರಡು ಅಂತ ಎಣಸಾಕ ಸುರು ಮಾಡಿದ್ಲು. ವೈನಿ ಗುಣುಗುಣು ಅನಕೋತ ಕಾಲೆತ್ತಿದ್ಲು. ಲಗ್ನದ ಹೊತ್ತಿಗೆ ಐದು ಕಿಲೋ ಇಳದಿದ್ಲು. ನೋವು ಪೂರ್ತಿ ಹೋಗಿರಲಿಲ್ಲ, ಹೋಗೂದೂ ಇಲ್ಲ. ಆದ್ರ ಮೆಟ್ಟಲ ಇಳಿಯಾಗ ಗ್ವಾಡಿ ಹಿಡಿಯೂದು ನಿಂತಿತ್ತು.

ಲಗ್ನ ಖಾನಾಪುರದ ಒಂದು ಮಂಗಲ ಕಾರ್ಯಾಲಯದಾಗ ಆತು. ಊಟ ಮುಗದು, ಹೆಣ್ಣು ಒಪ್ಪಿಸೂ ಹೊತ್ತು ಬಂತು. ನಮ್ಮಲ್ಲಿ ಬೀಗತಿ ಕುಂತಿರತಾಳ, ಅಪ್ಪ ಮಗಳನ್ನ ಕರಕೊಂಡು ಬಂದು, ನಿಮ್ಮ ಉಡಿಯಾಗ ಹಾಕೇವಿ ಅಂತ ಒಪ್ಪಸತಾನ. ವೈನಿಗೆ ಖುರ್ಚಿ ಹಾಕಿದ್ರು. ನಾ ಬಾಜೂಕ ನಿಂತು, ಬೇಕಾದ್ರ ಹಿಡಕೋಲಿ ಅಂತ ಭುಜ ಕೊಟ್ಟುಕೊಂಡು ನಿಂತಿದ್ದೆ. ಗುರುಪುತ್ರಪ್ಪ ಮಗಳ ಕೈ ಹಿಡದು ಬಂದ್ರು. ಬೀಗತ್ಯಾರ, ನಮ್ಮ ಮಗಳು ಅಂದ್ರು, ಅಷ್ಟಕ್ಕ ನಿಲ್ಲಿಸಿ ಕಣ್ಣು ಒರಸಿಕೊಂಡ್ರು. ಅಪ್ಪನ ಮಾರಿ ನೋಡಿ ಸಾಕ್ಷೀನೂ ಅಳಾಕತ್ತಿದ್ಲು.

ವೈನಿ ನನ್ನ ಭುಜಾ ಹಿಡೀಲಿಲ್ಲ. ಖುರ್ಚಿ ಕೈನೂ ಹಿಡೀಲಿಲ್ಲ. ಎರಡೂ ಕೈ ಎದಿ ಮ್ಯಾಲೆ ಕಟ್ಟಿ, ಉಸಿರು ಹಿಡದು, ಒಂದ ಸಲಕ್ಕ ಎದ್ದು ನಿಂತ್ಲು. ಗುರುಪುತ್ರಪ್ಪ ಘಾಬರಿ ಆಗಿ, ಕುಂದರ್ರಿ ಅಕ್ಕಾರ, ನೀವು ಕುಂದರ್ರಿ ಅಂದ್ರು.

"ಇಲ್ಲ ಅಣ್ಣಾರ," ಅಂದ್ಲು ವೈನಿ. "ಅವತ್ತ ನೀವು ಕೈ ಮುಗದು ನಿಂತಾಗ ನಾ ಕುಂತಿದ್ದೆ. ಇವತ್ತ ನಿಮ್ಮ ಮಗಳನ್ನ ನಿಂತು ತಗೋಬೇಕಂತ ನಾಕು ತಿಂಗಳು ಕಾಲೆತ್ತೀನಿ. ಕೊಡ್ರಿ."

ಗುರುಪುತ್ರಪ್ಪ ಮಗಳ ಕೈ ವೈನಿ ಕೈಯಾಗ ಇಟ್ರು.